ಹಗೇವು ಮರೆತ ಬ್ಯಾಕಪ್: ಸರ್ವರ್ ಕಾಯುವವರಿಗೆ ಒಂದು ಬಹಿರಂಗ ಪತ್ರ

ಸರ್ವರ್ ಕಾಯುವ ಗೆಳೆಯರೇ, ಗೆಳತಿಯರೇ,

ಆಸ್ಪತ್ರೆ, ಸಹಕಾರಿ ಬ್ಯಾಂಕು, ಕಾಲೇಜು, ಸಣ್ಣ ಕಾರ್ಖಾನೆ, ಪತ್ರಿಕಾ ಕಚೇರಿ, ಇಂಥ ಕಡೆ ಒಬ್ಬರೋ ಇಬ್ಬರೋ ಇದ್ದುಕೊಂಡು ಇಡೀ ಸಂಸ್ಥೆಯ ಕಂಪ್ಯೂಟರ್ ವ್ಯವಸ್ಥೆಯನ್ನು ಹೆಗಲ ಮೇಲೆ ಹೊತ್ತವರಿಗೆ ಈ ಪತ್ರ. ದೊಡ್ಡ ಕಂಪನಿಗಳಲ್ಲಿ ಬ್ಯಾಕಪ್‌ಗೆಂದೇ ಒಂದು ತಂಡ ಇರುತ್ತದೆ. ನಿಮ್ಮಲ್ಲಿ ಹಾಗಿಲ್ಲ. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡರೂ ನಿಮಗೇ ಫೋನು, ಸರ್ವರ್ ಮಲಗಿದರೂ ನಿಮಗೇ ಫೋನು. ಬೆಳಿಗ್ಗೆ ಬಂದು ಕೂತ ತಕ್ಷಣ ನೀವು ತೆರೆಯುವ ಮೊದಲ ಮೇಲ್ ರಾತ್ರಿಯ ಬ್ಯಾಕಪ್ ವರದಿ. ಎಲ್ಲ ಮಷೀನುಗಳ ಹೆಸರಿನ ಮುಂದೂ ಹಸಿರು ಟಿಕ್. ಸದ್ಯ, ಇವತ್ತಿಗೆ ಒಂದು ಚಿಂತೆ ಕಳೆಯಿತು ಅಂದುಕೊಂಡು ಮುಂದಿನ ಮೇಲಿಗೆ ಹೋಗುತ್ತೀರಿ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದ್ದೇನೆ.

ಆ ಹಸಿರು ಟಿಕ್ ಬಗ್ಗೆಯೇ ನಾನು ಬರೆಯಬೇಕಿರುವುದು.

ಕೆಲವು ವರ್ಷಗಳ ಹಿಂದಿನ ಮಾತು. ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆಯ ಸರ್ವರ್‌ಗಳನ್ನು ಬೆಂಗಳೂರಿನಿಂದ ನೋಡಿಕೊಳ್ಳುವ ಹೊಣೆ ನನ್ನದಾಗಿತ್ತು. ಎಕ್ಸ್‌ರೇ, ಸಿಟಿ, ಎಂಆರ್‌ಐ ಚಿತ್ರಗಳನ್ನೆಲ್ಲ ಕೂಡಿಡುವ ಪ್ಯಾಕ್ಸ್ ಎಂಬ ವ್ಯವಸ್ಥೆ ಅಲ್ಲಿ ಒಂದು ವರ್ಚುವಲ್ ಮಷೀನಿನಲ್ಲಿ ನಡೆಯುತ್ತಿತ್ತು. ಸಿ ಡ್ರೈವ್ 120 ಜಿಬಿ. ಅದರಲ್ಲಿ ವಿಂಡೋಸ್, ಪ್ಯಾಕ್ಸ್ ಸಾಫ್ಟ್‌ವೇರ್, ರೋಗಿಗಳ ಹೆಸರು, ವಯಸ್ಸು, ತಪಾಸಣೆಯ ದಿನಾಂಕ ಇರುವ ಡೇಟಾಬೇಸ್. ಚಿತ್ರಗಳಿದ್ದದ್ದು ಇ ಡ್ರೈವಿನಲ್ಲಿ, 6 ಟಿಬಿ. ಆ ಇ ಡ್ರೈವ್ ಮಷೀನಿನ ಸ್ವಂತದ್ದಲ್ಲ. ರ‍್ಯಾಕಿನ ಕೆಳ ಅಂಕಣದಲ್ಲಿ ಬೇರೆಯೇ ಕೂತಿದ್ದ ಸ್ಟೋರೇಜ್ ಬಾಕ್ಸಿನಿಂದ ಐ-ಸ್ಕಝಿ ಮೂಲಕ ವಿಂಡೋಸ್ ತಾನೇ ಎಳೆದುಕೊಂಡಿದ್ದ ವಾಲ್ಯೂಮ್. ನಾನು ಹೊಣೆ ವಹಿಸಿಕೊಳ್ಳುವ ಮೊದಲೇ ಯಾರೋ ಜೋಡಿಸಿ ಹೋಗಿದ್ದರು.

ಮಳೆಗಾಲದ ಒಂದು ಶನಿವಾರ ಆ ಬಾಕ್ಸಿನ ಒಂದು ಡಿಸ್ಕ್ ಕೈಕೊಟ್ಟಿತು. ರೇಡ್-5 ಇದ್ದುದರಿಂದ ಒಂದು ಹೋದರೆ ತಡೆದುಕೊಳ್ಳುತ್ತದೆ. ಹೊಸದು ಹಾಕಿಸಿದೆ. ರೀಬಿಲ್ಡ್ ಅರ್ಧ ದಾಟಿರಬೇಕು, ಇನ್ನೊಂದು ಡಿಸ್ಕೂ ಹೋಯಿತು. ಅಲ್ಲಿಗೆ ವಾಲ್ಯೂಮ್ ಮುಗಿಯಿತು. ಆದರೂ ನನಗೆ ಭಯವಾಗಲಿಲ್ಲ. ಪ್ರತಿ ರಾತ್ರಿ ಬ್ಯಾಕಪ್ ಆಗಿದೆ, ವರದಿಗಳೆಲ್ಲ ನನ್ನ ಮೇಲ್ ಪೆಟ್ಟಿಗೆಯಲ್ಲೇ ಇವೆ. ಇಡೀ ಮಷೀನನ್ನು ಇನ್ನೊಂದು ಹೋಸ್ಟ್ ಮೇಲೆ ರಿಸ್ಟೋರ್‌ಗೆ ಹಾಕಿದೆ. ನಲವತ್ತು ನಿಮಿಷದಲ್ಲಿ ಎದ್ದು ನಿಂತಿತು. ಆರು ಟಿಬಿ ನಲವತ್ತು ನಿಮಿಷದಲ್ಲಿ ಬರುವುದಿಲ್ಲ ಎಂಬುದು ಅಲ್ಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ರೇಡಿಯಾಲಜಿಸ್ಟ್ ತಮ್ಮ ಕೋಣೆಯಲ್ಲಿ ಲಾಗಿನ್ ಆದರು. ನಾನು ಫೋನಿನ ಈ ಕಡೆ, ಅವರ ಪರದೆಯನ್ನು ನನ್ನ ಲ್ಯಾಪ್‌ಟಾಪಿನಲ್ಲಿ ನೋಡುತ್ತ ಕೂತಿದ್ದೆ. ರೋಗಿಗಳ ಪಟ್ಟಿ ಬಂತು. ಹೆಸರುಗಳೆಲ್ಲ ಇದ್ದವು. ಎದೆಯ ಗಂಟಿನ ತಪಾಸಣೆಗೆ ಬಂದಿದ್ದ ಒಬ್ಬ ಹೆಂಗಸಿನ ಎರಡು ವರ್ಷ ಹಿಂದಿನ ಮ್ಯಾಮೊಗ್ರಾಮ್ ಅವರಿಗೆ ಬೇಕಿತ್ತು. ಗಂಟು ಬೆಳೆದಿದೆಯೋ ಹಾಗೇ ಇದೆಯೋ ಹೋಲಿಸಿ ಹೇಳಬೇಕಿತ್ತು. ಹೆಸರಿನ ಮೇಲೆ ಒತ್ತಿದರು. ಕಪ್ಪು ಚೌಕ, ನಡುವೆ ತಿರುಗುವ ಚಕ್ರ. ತಿರುಗಿ ತಿರುಗಿ ನಿಂತಿತು. ಚಿತ್ರ ಇಲ್ಲ. ಕೆಳಗಿನ ಹೆಸರನ್ನು ಒತ್ತಿದರು. ಇಲ್ಲ. ಅದರ ಕೆಳಗಿನದು. ಇಲ್ಲ. ಅವರು ಏನೂ ಮಾತಾಡದೆ ಒಂದೊಂದೇ ಹೆಸರನ್ನು ಒತ್ತುತ್ತ ಹೋದರು. ಹನ್ನೊಂದನೆಯ ಹೆಸರಿನವರೆಗೆ ನಾನು ಎಣಿಸಿದ್ದೆ.

ಆ ರಾತ್ರಿ ಬ್ಯಾಕಪ್ ಲಾಗುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಒಂದಾದರೂ ಎಚ್ಚರಿಕೆಯ ಸಾಲು ಇದ್ದಿರಬೇಕು, ನಾನೇ ನೋಡದೆ ಬಿಟ್ಟಿರಬೇಕು ಅಂದುಕೊಂಡೆ. ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಯಾಕೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಈ ಪತ್ರದ ತಿರುಳು ಅದರಲ್ಲೇ ಇದೆ.

ಹೈಪರ್‌ವೈಸರ್ ಕಣ್ಣಿಗೆ ವರ್ಚುವಲ್ ಮಷೀನ್ ಅಂದರೆ ಕೆಲವು ಫೈಲುಗಳು. ವಿಎಂವೇರ್‌ನಲ್ಲಿ ವಿಎಂಡಿಕೆ, ಹೈಪರ್-ವಿಯಲ್ಲಿ ವಿಎಚ್‌ಡಿಎಕ್ಸ್, ಕೆವಿಎಂನಲ್ಲಿ ಹೆಚ್ಚಾಗಿ ಕ್ಯೂಕೌ2. ಬ್ಯಾಕಪ್ ಸಾಫ್ಟ್‌ವೇರ್ ರಾತ್ರಿ ಬಂದು ಹೈಪರ್‌ವೈಸರಿನ ಬಾಗಿಲು ತಟ್ಟಿ, ಈ ಮಷೀನಿನ ಒಂದು ಸ್ನ್ಯಾಪ್‌ಶಾಟ್ ಕೊಡು ಅನ್ನುತ್ತದೆ. ಆ ಕ್ಷಣದಿಂದ ಹೊಸ ಬರಹವೆಲ್ಲ ಬೇರೆ ಫೈಲಿಗೆ ಹೋಗುತ್ತದೆ. ಹಳೆಯದು ಅಲುಗದೆ ನಿಲ್ಲುತ್ತದೆ. ಸಾಫ್ಟ್‌ವೇರ್ ಅದನ್ನು ಓದಿ ನಕಲು ಮಾಡಿಕೊಳ್ಳುತ್ತದೆ. ಮರುರಾತ್ರಿ ಬದಲಾದ ಬ್ಲಾಕುಗಳನ್ನು ಮಾತ್ರ ಒಯ್ಯುತ್ತದೆ. 2009ರಲ್ಲಿ ವಿಸ್ಫಿಯರ್ 4 ಜೊತೆಗೆ ಈ ಪದ್ಧತಿಗೆ ಬೇಕಾದ ಎಪಿಐಗಳು ಬಂದ ಮೇಲೆ ನಮ್ಮ ಬದುಕು ಎಷ್ಟು ಹಗುರಾಯಿತು ಎಂಬುದು ಆ ಕಾಲದಲ್ಲಿ ಕೆಲಸ ಮಾಡಿದವರಿಗೆಲ್ಲ ನೆನಪಿದೆ. ಅದಕ್ಕೂ ಮುಂಚೆ ಹೆಚ್ಚಿನ ಕಡೆ ಪ್ರತಿ ಮಷೀನಿನ ಒಳಗೂ ಒಂದು ಏಜೆಂಟ್ ಕೂರಿಸಿ, ಅದಕ್ಕೆ ಯಾವ ಡ್ರೈವ್ ಬೇಕು ಯಾವುದು ಬೇಡ ಎಂದು ಕೈಯಾರೆ ಹೇಳಬೇಕಿತ್ತು. ಆದರೆ ಆ ಕಾಲದಲ್ಲಿ ಒಂದು ಒಳ್ಳೆಯದಿತ್ತು. ಏಜೆಂಟ್ ಹಾಕಲು ಮಷೀನಿನ ಒಳಗೆ ಹೋಗಲೇಬೇಕಿತ್ತು. ಒಳಗೆ ಹೋದವರಿಗೆ ಇ ಡ್ರೈವ್ ಕಣ್ಣಿಗೆ ಬೀಳುತ್ತಿತ್ತು. ಈಗ ಯಾರೂ ಒಳಗೆ ಹೋಗುವುದಿಲ್ಲ. ಹೊರಗಿನಿಂದಲೇ ಮಷೀನಿನ ಹೆಸರಿಗೆ ಟಿಕ್ ಹಾಕಿ ಬರುತ್ತೇವೆ.

ಐ-ಸ್ಕಝಿ ವಾಲ್ಯೂಮನ್ನು ವಿಂಡೋಸೋ ಲಿನಕ್ಸೋ ಒಳಗಿನಿಂದಲೇ ಜೋಡಿಸಿಕೊಂಡಾಗ ಆ ದತ್ತಾಂಶವೆಲ್ಲ ಮಷೀನಿನ ನೆಟ್‌ವರ್ಕ್ ಕಾರ್ಡಿನ ಮೂಲಕ ಪ್ಯಾಕೆಟ್ಟುಗಳಾಗಿ ಹೊರಗೆ ಹೋಗುತ್ತದೆ. ಹೈಪರ್‌ವೈಸರಿಗೆ ಅದು ಯಾರೋ ವೆಬ್‌ಸೈಟ್ ನೋಡುತ್ತಿದ್ದಷ್ಟೇ ಸಮ. ಅಲ್ಲೊಂದು ಡಿಸ್ಕ್ ಇದೆ ಎಂಬುದೇ ಅದಕ್ಕೆ ತಿಳಿಯದು. ತಿಳಿಯದ್ದನ್ನು ಬಿಟ್ಟುಹೋದೆ ಎಂದು ಅದು ಹೇಳುವುದಾದರೂ ಹೇಗೆ? ಮಷೀನಿನ ಒಳಗೆ ಎನ್‌ಎಫ್‌ಎಸ್ ಮೌಂಟ್ ಮಾಡಿದ್ದರೂ, ವಿಂಡೋಸ್ ಷೇರ್ ಜೋಡಿಸಿದ್ದರೂ ಕತೆ ಇದೇ. ಹಸಿರು ಟಿಕ್ ಸುಳ್ಳು ಹೇಳಿರಲಿಲ್ಲ. ತನಗೆ ಗೊತ್ತಿದ್ದಷ್ಟನ್ನು ಪೂರ್ತಿ ಒಯ್ದಿದ್ದೇನೆ ಎಂದಷ್ಟೇ ಅದು ಹೇಳಿತ್ತು. ಅದರ ಮಾತನ್ನು ನಾನು ಹಿಗ್ಗಿಸಿ ಕೇಳಿಸಿಕೊಂಡಿದ್ದೆ.

ಉತ್ತರ ಕರ್ನಾಟಕದವರಿಗೆ ಹಗೇವು ಗೊತ್ತು. ಜೋಳ ತುಂಬಿಡಲು ನೆಲದಲ್ಲಿ ತೋಡುತ್ತಿದ್ದ ಆಳದ ಗುಂಡಿ. ಅದು ಮನೆಯೊಳಗೇ ಇರಬೇಕೆಂದಿಲ್ಲ. ಅಂಗಳದಲ್ಲೋ ಊರ ಬಯಲಿನಲ್ಲೋ ಇರುತ್ತಿತ್ತು. ಬಾಯಿ ಮುಚ್ಚಿ ಮಣ್ಣೆಳೆದರೆ ಹೊರಗಿನವರಿಗೆ ಅಲ್ಲೊಂದು ಹಗೇವು ಇದೆ ಎಂಬ ಸುಳಿವೂ ಸಿಗದು. ಮನೆಯ ತೊಲೆ, ಕಂಬ, ಪಾತ್ರೆ-ಪಡಗವನ್ನೆಲ್ಲ ಬರೆದುಕೊಂಡು ಹೋದ ಗುಮಾಸ್ತನ ಪಟ್ಟಿಯಲ್ಲಿ ಆ ಮನೆಯ ವರ್ಷದ ಕೂಳು ಇರುವುದಿಲ್ಲ. ನಮ್ಮ ಬ್ಯಾಕಪ್ ಪಟ್ಟಿಗಳೂ ಹೀಗೇ ತಯಾರಾಗುತ್ತಿವೆ. ಪಟ್ಟಿಯಲ್ಲಿ ಮಷೀನುಗಳಿವೆ. ಜೋಳ ಎಲ್ಲಿದೆ ಎಂದು ಕೇಳಿದವರಿಲ್ಲ.

ಇಂಥ ಹಗೇವುಗಳು ಯಾಕೆ ಹುಟ್ಟಿಕೊಂಡವು ಅನ್ನುವುದಕ್ಕೂ ಕಾರಣವಿದೆ, ಜೋಡಿಸಿ ಹೋದವರನ್ನು ಬೈದು ಫಲವಿಲ್ಲ. ವಿಎಂವೇರ್‌ನಲ್ಲಿ ಬಹುಕಾಲ ಒಂದು ವಿಎಂಡಿಕೆ 2 ಟಿಬಿ ದಾಟುವಂತಿರಲಿಲ್ಲ. 2013ರಲ್ಲಿ ವಿಸ್ಫಿಯರ್ 5.5 ಬಂದಾಗ ಆ ಮಿತಿ 62 ಟಿಬಿಗೆ ಏರಿತು. ಅಲ್ಲಿಯವರೆಗೆ ದೊಡ್ಡ ಡ್ರೈವ್ ಬೇಕಿದ್ದವರಿಗೆ ಇದ್ದ ಮುಖ್ಯ ದಾರಿ ಎರಡು: ಒಳಗಿನಿಂದ ಐ-ಸ್ಕಝಿ, ಇಲ್ಲವೇ ಸ್ಟೋರೇಜಿನ ಲನ್ ಅನ್ನು ನೇರವಾಗಿ ಮಷೀನಿಗೆ ಕೊಡುವ ಆರ್‌ಡಿಎಂ. ಕ್ಲಸ್ಟರ್ ಕಟ್ಟುವವರಿಗೂ, ಎರಡು ಮಷೀನುಗಳಿಗೆ ಒಂದೇ ಡಿಸ್ಕ್ ಹಂಚಬೇಕಾದವರಿಗೂ ಇವೇ ದಾರಿ. ಮಿತಿ ಹೋಗಿ ಹತ್ತು ವರ್ಷದ ಮೇಲಾಯಿತು, ಹಳೆಯ ಜೋಡಣೆಗಳು ಮಾತ್ರ ಹಾಗೇ ಉಳಿದಿವೆ. ಕೆಲಸ ಮಾಡುತ್ತಿರುವುದನ್ನು ಮುಟ್ಟಬಾರದು ಅನ್ನುವುದು ನಮ್ಮೆಲ್ಲರ ಅಲಿಖಿತ ನಿಯಮ ತಾನೇ.

ಆರ್‌ಡಿಎಂನಲ್ಲೂ ಎರಡು ಬಗೆ. ವರ್ಚುವಲ್ ಮೋಡ್‌ನದಾದರೆ ಸ್ನ್ಯಾಪ್‌ಶಾಟ್ ಆಗುತ್ತದೆ, ಬ್ಯಾಕಪ್ಪೂ ಆಗುತ್ತದೆ. ಫಿಸಿಕಲ್ ಮೋಡ್‌ನದಾದರೆ ಇಲ್ಲ; ಅದನ್ನು ಬಿಟ್ಟು ಉಳಿದದ್ದು ಮಾತ್ರ ಹೋಗುತ್ತದೆ. ಡಿಸ್ಕಿನ ಸೆಟಿಂಗಿನಲ್ಲಿ ಇಂಡಿಪೆಂಡೆಂಟ್ ಎಂಬ ಆಯ್ಕೆ ಇದೆ. ಯಾರೋ ಯಾವತ್ತೋ ಅದನ್ನು ಆರಿಸಿದ್ದರೆ ಆ ಡಿಸ್ಕೂ ಸ್ನ್ಯಾಪ್‌ಶಾಟಿಗೆ ಸಿಗುವುದಿಲ್ಲ. ಹೈಪರ್-ವಿಯಲ್ಲಿ ಪಾಸ್-ಥ್ರೂ ಡಿಸ್ಕ್ ಅದೇ ಜಾತಿಯದು. ಪ್ರಾಕ್ಸ್‌ಮಾಕ್ಸ್ ಬಳಸುವವರು ಈಚೆಗೆ ನಮ್ಮ ಕಡೆ ಬಹಳ ಜನರಿದ್ದಾರೆ, ಅವರು ಒಂದನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿನ ಕಂಟೇನರುಗಳಲ್ಲಿ ಮೂಲ ಡಿಸ್ಕ್ ಬಿಟ್ಟು ನೀವು ಸೇರಿಸಿದ ಮೌಂಟ್ ಪಾಯಿಂಟ್ ತಾನಾಗಿಯೇ ಬ್ಯಾಕಪ್ಪಿಗೆ ಸೇರುವುದಿಲ್ಲ. ವಾಲ್ಯೂಮ್ ಆದರೆ ನೀವೇ ಹೋಗಿ ಬ್ಯಾಕಪ್ ಎಂಬ ಆಯ್ಕೆಗೆ ಟಿಕ್ ಹಾಕಬೇಕು. ಹೋಸ್ಟಿನ ಡೈರೆಕ್ಟರಿಯನ್ನು ಬೈಂಡ್ ಮಾಡಿದ್ದಾದರೆ ಟಿಕ್ ಹಾಕಿದರೂ ಪ್ರಯೋಜನವಿಲ್ಲ, ಅದು ಎಂದೂ ಹೋಗುವುದಿಲ್ಲ.

ಕ್ಲೌಡಿಗೆ ಹೋದರೆ ಈ ತಾಪತ್ರಯ ಇರುವುದಿಲ್ಲ ಅಂದುಕೊಳ್ಳುವವರಿದ್ದಾರೆ. ಇರುತ್ತದೆ, ಇನ್ನೂ ಹೆಚ್ಚಾಗಿಯೇ. ಕ್ಲೌಡಿನ ಕಟ್ಟಡವೇ ಮಷೀನ್ ಬೇರೆ, ವಾಲ್ಯೂಮ್ ಬೇರೆ ಎಂಬ ಅಡಿಪಾಯದ ಮೇಲೆ ನಿಂತಿದೆ. ಓಪನ್‌ಸ್ಟ್ಯಾಕ್ ನೋಡಿ. ಮೊದಲು ಮಷೀನ್ ನಡೆಸುವ ನೋವಾ ಒಳಗೇ ವಾಲ್ಯೂಮುಗಳ ಕೆಲಸವೂ ಇತ್ತು. 2012ರ ಫಾಲ್ಸಮ್ ಆವೃತ್ತಿಯಲ್ಲಿ ಅದನ್ನು ಸಿಂಡರ್ ಎಂದು ಬೇರೆ ಮನೆ ಮಾಡಿ ಕೂರಿಸಿದರು. ಈಗ ಇಮೇಜಿನಿಂದ ಬೂಟ್ ಆದ ಮಷೀನಿನ ಸ್ನ್ಯಾಪ್‌ಶಾಟ್ ತೆಗೆದರೆ ಬರುವುದು ಅದರ ಮೂಲ ಡಿಸ್ಕ್ ಮಾತ್ರ. ಜೋಡಿಸಿದ ಸಿಂಡರ್ ವಾಲ್ಯೂಮುಗಳು ಅದರಲ್ಲಿಲ್ಲ. ಅದೇ ಮಷೀನ್ ವಾಲ್ಯೂಮಿನಿಂದಲೇ ಬೂಟ್ ಆಗಿದ್ದರೆ ನಡೆಯುವುದೇ ಬೇರೆ: ಜೋಡಿಸಿದ ವಾಲ್ಯೂಮುಗಳಿಗೂ ಸಿಂಡರ್ ಸ್ನ್ಯಾಪ್‌ಶಾಟುಗಳಾಗುತ್ತವೆ, ಇಮೇಜಿನ ಗಾತ್ರ ಸೊನ್ನೆ ಎಂದು ಕಾಣುತ್ತದೆ. ಆದೇಶ ಒಂದೇ, ಮಷೀನ್ ಹುಟ್ಟಿದ ಬಗೆಯ ಮೇಲೆ ಫಲ ಬೇರೆ. ಎರಡನೆಯ ಬಗೆಯಲ್ಲೂ ಆ ಸ್ನ್ಯಾಪ್‌ಶಾಟುಗಳು ಸಾಮಾನ್ಯವಾಗಿ ಅದೇ ಸ್ಟೋರೇಜಿನ ಮೇಲೇ ಕೂತಿರುತ್ತವೆ. ಸ್ಟೋರೇಜ್ ಹೋದರೆ ಅವೂ ಹೋದವು. ಹೊರಗೆ ನಕಲಾಗಬೇಕೆಂದರೆ ಸಿಂಡರ್ ಬ್ಯಾಕಪ್ ಅನ್ನು ಪ್ರತ್ಯೇಕವಾಗಿ ನಡೆಸಬೇಕು, ಅದನ್ನೂ ಬೇರೆ ಜಾಗಕ್ಕೆ ಕಳಿಸಬೇಕು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋದಾಗ ಮಷೀನೂ ಬ್ಯಾಕಪ್ಪೂ ಒಂದೇ ಆವರಣದಲ್ಲಿದ್ದ ಹಲವು ಗ್ರಾಹಕರು ಎರಡನ್ನೂ ಒಟ್ಟಿಗೆ ಕಳೆದುಕೊಂಡರು.

ಸಣ್ಣ ಊರಿನ ಒಂಟಿ ಕೆಲಸಗಾರರಿಗೆ ಮಾತ್ರ ಹೀಗಾಗುತ್ತದೆ ಅಂದುಕೊಂಡು ಕುಗ್ಗಬೇಡಿ. ಗಿಟ್‌ಲ್ಯಾಬ್ ಕಂಪನಿಯ ಕತೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುತ್ತದೆ. ನಾನು ಅದನ್ನು ಮತ್ತೆ ಮತ್ತೆ ಓದುತ್ತೇನೆ. 2017ರ ಜನವರಿ 31ರ ರಾತ್ರಿ ಅವರ ಎಂಜಿನಿಯರ್ ಒಬ್ಬರು ಹೆಚ್ಚುವರಿ ಸರ್ವರ್ ಎಂದು ತಿಳಿದು ಮುಖ್ಯ ಡೇಟಾಬೇಸಿನ ಡೈರೆಕ್ಟರಿಯನ್ನೇ ಅಳಿಸಲು ಹೊರಟರು. ತಪ್ಪು ಹೊಳೆದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್‌ಗಳ ಕಡೆ ತಿರುಗಿದರು. ಪೋಸ್ಟ್‌ಗ್ರೆಸ್ 9.6 ಡೇಟಾಬೇಸಿಗೆ 9.2ರ ಉಪಕರಣ ಓಡುತ್ತಿದ್ದುದರಿಂದ ದಿನನಿತ್ಯದ ಡಂಪ್ ವಿಫಲವಾಗುತ್ತಲೇ ಇತ್ತು. ವಿಫಲವಾಯಿತು ಎಂದು ಹೇಳುವ ಮೇಲ್‌ಗಳು ಡಿಮಾರ್ಕ್ ತಪಾಸಣೆಯಲ್ಲಿ ಬಿದ್ದು ಯಾರಿಗೂ ತಲುಪಿರಲಿಲ್ಲ. ಅಜೂರ್‌ನ ಡಿಸ್ಕ್ ಸ್ನ್ಯಾಪ್‌ಶಾಟ್ ಎನ್‌ಎಫ್‌ಎಸ್ ಸರ್ವರ್‌ಗಳಿಗೆ ಇತ್ತು, ಡೇಟಾಬೇಸ್ ಸರ್ವರ್‌ಗಳಿಗೆ ಇರಲಿಲ್ಲ; ಅವಕ್ಕೆ ಬೇರೆ ಬ್ಯಾಕಪ್‌ಗಳು ಸಾಕು ಎಂಬ ನಂಬಿಕೆ. ಕಡೆಗೆ ಉಳಿಸಿದ್ದು ಸುಮಾರು ಆರು ಗಂಟೆ ಮೊದಲು ಬೇರೆ ಯಾವುದೋ ಪರೀಕ್ಷೆಗೆಂದು ಕೈಯಿಂದ ತೆಗೆದಿದ್ದ ಒಂದು ಎಲ್‌ವಿಎಂ ಸ್ನ್ಯಾಪ್‌ಶಾಟ್. ಅದನ್ನು ನಿಧಾನಗತಿಯ ಡಿಸ್ಕಿನಿಂದ ಎಳೆದು ತರಲು ಹದಿನೆಂಟು ಗಂಟೆ ಹಿಡಿಯಿತು. ಅಷ್ಟಾದರೂ ಸುಮಾರು 5,000 ಪ್ರಾಜೆಕ್ಟುಗಳು, 5,000 ಟಿಪ್ಪಣಿಗಳು, 700 ಹೊಸ ಖಾತೆಗಳು ಹೋದವು. ಇಷ್ಟನ್ನೂ ಅವರು ಮುಚ್ಚಿಡದೆ ಜಗತ್ತಿನ ಎದುರು ಬರೆದು ಇಟ್ಟರು. ನಮ್ಮ ಕಸುಬಿಗೆ ಅವರು ಮಾಡಿದ ದೊಡ್ಡ ಉಪಕಾರ ಅದು. ನಮ್ಮಲ್ಲಿ ಇಂಥದ್ದು ನಡೆದರೆ ಕೋಣೆಯ ಬಾಗಿಲು ಹಾಕಿ ಮಾತಾಡಿ ಮುಗಿಸುತ್ತೇವೆ. ಪಕ್ಕದ ಊರಿನವರು ಅದೇ ಗುಂಡಿಗೆ ಬೀಳುತ್ತಾರೆ.

ಇನ್ನು ವಾಲ್ಯೂಮುಗಳೆಲ್ಲ ಬ್ಯಾಕಪ್ಪಿನಲ್ಲಿವೆ, ಬೇರೆ ಬೇರೆ ಜಾಬುಗಳಲ್ಲಿ ಅನ್ನುವವರಿಗೆ ಒಂದು ಮಾತು. ಸಹಕಾರಿ ಬ್ಯಾಂಕಿನವರಿಗೆ ಇದು ಬೇಗ ಅರ್ಥವಾದೀತು. ಕಿರ್ದಿ ಮತ್ತು ಖಾತೆ ಎರಡು ಪುಸ್ತಕ. ಕಿರ್ದಿಯ ಫೋಟೊ ಮಧ್ಯಾಹ್ನ ಹನ್ನೆರಡಕ್ಕೂ ಖಾತೆಯ ಫೋಟೊ ಮೂರಕ್ಕೂ ತೆಗೆದರೆ, ಒಂದೊಂದು ಫೋಟೊ ಸರಿಯಾಗಿಯೇ ಇದ್ದರೂ ಎರಡನ್ನೂ ಕೂಡಿಸಿದರೆ ಲೆಕ್ಕ ತಾಳೆಯಾಗದು. ಪೋಸ್ಟ್‌ಗ್ರೆಸ್‌ನಲ್ಲಿ ದತ್ತಾಂಶ ಒಂದು ವಾಲ್ಯೂಮಿನಲ್ಲಿ, ಬದಲಾವಣೆಗಳನ್ನು ಮುಂಚಿತವಾಗಿ ಬರೆಯುವ ವಾಲ್ ದಾಖಲೆ ಇನ್ನೊಂದರಲ್ಲಿ ಇಟ್ಟಿದ್ದರೆ ಮೂರು ಗಂಟೆಯ ವ್ಯತ್ಯಾಸ ಯಾಕೆ, ಮೂರು ಸೆಕೆಂಡಿನ ವ್ಯತ್ಯಾಸವೂ ಕೆಡಿಸಬಲ್ಲದು. ದತ್ತಾಂಶ ಮುಂದಿನ ಕ್ಷಣದ್ದು, ವಾಲ್ ಹಿಂದಿನ ಕ್ಷಣದ್ದು ಆದರೆ ಡೇಟಾಬೇಸ್ ಏಳದೇ ಹೋಗಬಹುದು. ಎದ್ದು ಒಳಗೊಳಗೇ ಕೆಟ್ಟಿರುವುದು ಅದಕ್ಕಿಂತ ಕೆಟ್ಟದ್ದು; ತಿಂಗಳು ಕಳೆದು ಯಾರದೋ ಠೇವಣಿಯ ಮೊತ್ತ ತಪ್ಪಾಗಿ ಕಂಡಾಗ ಗೊತ್ತಾಗುತ್ತದೆ. ಎರಡು ವಾಲ್ಯೂಮುಗಳ ಮೇಲೆ ಎಲ್‌ವಿಎಂ ಪಟ್ಟೆ ಹೆಣೆದಿದ್ದರಂತೂ ಫೈಲ್ ಸಿಸ್ಟಮ್ಮೇ ಗುರುತು ಸಿಗದಂತಾಗುತ್ತದೆ.

ಅದಕ್ಕೇ ಎಲ್ಲ ವಾಲ್ಯೂಮುಗಳಿಗೂ ಒಂದೇ ಕ್ಷಣದ ಸ್ನ್ಯಾಪ್‌ಶಾಟ್ ಬೇಕು. ದೊಡ್ಡ ಸ್ಟೋರೇಜ್ ಬಾಕ್ಸುಗಳಲ್ಲಿ ಕನ್ಸಿಸ್ಟೆನ್ಸಿ ಗ್ರೂಪ್ ಎಂಬ ಹೆಸರಿನಲ್ಲಿ ಈ ಸೌಲಭ್ಯ ಇರುತ್ತದೆ. ಅಮೆಜಾನ್ ಕ್ಲೌಡ್‌ನಲ್ಲಿ ಒಂದು ಮಷೀನಿಗೆ ಜೋಡಿಸಿದ ಎಲ್ಲ ಇಬಿಎಸ್ ವಾಲ್ಯೂಮುಗಳನ್ನು ಒಂದೇ ಏಟಿಗೆ ಸ್ನ್ಯಾಪ್‌ಶಾಟ್ ಮಾಡುವ ಅನುಕೂಲ ಬಂದದ್ದು 2019ರಲ್ಲಿ. ಇಬಿಎಸ್ ಶುರುವಾಗಿ ಸುಮಾರು ಹನ್ನೊಂದು ವರ್ಷ ಆದ ಮೇಲೆ. ಕ್ರಮ ಇಷ್ಟು: ಲಿನಕ್ಸ್ ಆದರೆ ಎಫ್‌ಎಸ್‌ಫ್ರೀಜ್‌ನಿಂದ, ವಿಂಡೋಸ್ ಆದರೆ ವಿಎಸ್‌ಎಸ್‌ನಿಂದ ಬರವಣಿಗೆಯನ್ನು ಕೆಲವು ಕ್ಷಣ ತಡೆಯುವುದು, ಗುಂಪಾಗಿ ಸ್ನ್ಯಾಪ್‌ಶಾಟ್ ತೆಗೆಯುವುದು, ತಡೆ ಬಿಡಿಸುವುದು. ಆಮೇಲೆ ಆ ಸ್ನ್ಯಾಪ್‌ಶಾಟಿನಿಂದ ನಿಧಾನವಾಗಿ ನಕಲು. ಬಾಕ್ಸಿನಲ್ಲಿ ಗುಂಪಿನ ಸೌಲಭ್ಯ ಇಲ್ಲದಿದ್ದರೆ ಹಟ ಮಾಡಬೇಡಿ. ಡೇಟಾಬೇಸಿನದೇ ಬ್ಯಾಕಪ್ ಉಪಕರಣ ಬಳಸಿ, ಅದಕ್ಕೆ ತನ್ನ ಕಿರ್ದಿ-ಖಾತೆ ತಾಳೆ ಮಾಡುವುದು ಗೊತ್ತು.

ಬ್ಯಾಕಪ್‌ಗೆ ದುಡ್ಡು ಕೇಳಲು ಹೋದಾಗ ನೀವು ಕೇಳುವ ಉತ್ತರ ನನಗೆ ಬಾಯಿಪಾಠ. ಆ ವಾಲ್ಯೂಮ್ ಬಹಳ ದೊಡ್ಡದು, ಅದನ್ನೆಲ್ಲ ದಿನಾ ಬ್ಯಾಕಪ್ ಮಾಡಲಾಗುತ್ತದೆಯೇ? ದೊಡ್ಡದು ಎಂಬ ಕಾರಣಕ್ಕೆ ಕೈಬಿಟ್ಟದ್ದರ ಫಲ ದಕ್ಷಿಣ ಕೊರಿಯಾದಲ್ಲಿ ಕಂಡಿತು. 2025ರ ಸೆಪ್ಟೆಂಬರ್ 26ರಂದು ಡೇಜೊನ್ ನಗರದ ಸರ್ಕಾರಿ ಡೇಟಾ ಸೆಂಟರಿನಲ್ಲಿ ಲಿಥಿಯಂ ಬ್ಯಾಟರಿಗಳಿಂದ ಬೆಂಕಿ ಹತ್ತಿತು. ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್ ಎಂಬ ಸಂಗ್ರಹ, 858 ಟಿಬಿ, ಪೂರ್ತಿ ಹೋಯಿತು. ಗಾತ್ರ ದೊಡ್ಡದು ಎಂಬ ಕಾರಣಕ್ಕೆ ಅದಕ್ಕೆ ಹೊರಗಡೆ ಬ್ಯಾಕಪ್ ಇರಲಿಲ್ಲ.

ನಮ್ಮ ಆರು ಟಿಬಿಯ ಲೆಕ್ಕ ಹಾಕೋಣ. ಒಂದು ಗಿಗಾಬಿಟ್ ನೆಟ್‌ವರ್ಕಿನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹೋಗುತ್ತದೆ ಎಂದಿಟ್ಟುಕೊಂಡರೆ ಹದಿನೈದು ಗಂಟೆ. ಒಂದು ಭಾನುವಾರ. ಅದು ಮೊದಲ ಸಲ ಮಾತ್ರ. ಆಮೇಲೆ ದಿನಾ ಹೋಗುವುದು ಅವತ್ತು ಹೊಸದಾಗಿ ಬಂದದ್ದು. ಯೋಚಿಸಿ ನೋಡಿ, ಎಕ್ಸ್‌ರೇ ಒಮ್ಮೆ ತೆಗೆದ ಮೇಲೆ ಬದಲಾಗುತ್ತದೆಯೇ? ಬ್ಯಾಂಕಿನ ಸ್ಕ್ಯಾನ್ ಮಾಡಿದ ಅರ್ಜಿ, ಪತ್ರಿಕೆಯ ಫೋಟೊ ಸಂಗ್ರಹ, ಕಾಲೇಜಿನ ಉತ್ತರ ಪತ್ರಿಕೆಗಳು, ಯಾವುದೂ ಬದಲಾಗುವುದಿಲ್ಲ, ಕೂಡುತ್ತ ಹೋಗುತ್ತವೆ ಅಷ್ಟೇ. ದಿನವಿಡೀ ಅಲುಗಾಡುವುದು 120 ಜಿಬಿಯ ಸಣ್ಣ ಡಿಸ್ಕ್. ಅತಿ ದೊಡ್ಡ ವಾಲ್ಯೂಮೇ ಅನೇಕ ಸಲ ಅತಿ ಕಡಿಮೆ ಬದಲಾಗುವಂಥದ್ದು, ದಿನದ ಲೆಕ್ಕದಲ್ಲಿ ಅತಿ ಅಗ್ಗವಾಗಿ ಬ್ಯಾಕಪ್ ಆಗುವಂಥದ್ದು. ಇದನ್ನು ಒಂದು ಹಾಳೆಯಲ್ಲಿ ಬರೆದು ಆಡಳಿತದವರ ಮುಂದೆ ಇಡಿ. ನಾನು ಮೊದಲೇ ಇಡಬೇಕಿತ್ತು. ಒಂದು ತೊಡಕು ಮಾತ್ರ ಇದೆ: ಲಕ್ಷಾಂತರ ಸಣ್ಣ ಫೈಲುಗಳಿದ್ದರೆ ಫೈಲ್ ಫೈಲಾಗಿ ಹುಡುಕುವ ಉಪಕರಣ ಹೊಸದು ಯಾವುದೆಂದು ಪತ್ತೆ ಹಚ್ಚುವುದರಲ್ಲೇ ರಾತ್ರಿ ಕಳೆಯುತ್ತದೆ. ಅಂಥ ಕಡೆ ಮಷೀನಿನ ಒಳಗೆ ಕೂತು ಬದಲಾದ ಬ್ಲಾಕುಗಳ ಲೆಕ್ಕ ಇಡುವ ಏಜೆಂಟ್ ಬೇಕು. ಹೌದು, ಹಳೆಯ ಕಾಲದ ಏಜೆಂಟೇ. ಹೊರಗಿನಿಂದ ಕಾಣದ್ದನ್ನು ಒಳಗಿನಿಂದ ನೋಡಲು ಅದು ಬಿಟ್ಟರೆ ಬೇರೆ ದಾರಿ ಕಡಿಮೆ.

ಏಜೆಂಟ್ ಹಾಕಿದವರೂ ಬೀಳುವ ಒಂದು ಗುಂಡಿ ಇದೆ, ನಾನು ಅದನ್ನು ಎರಡು ಕಡೆ ನೋಡಿದ್ದೇನೆ. ಲಿನಕ್ಸ್ ಮಷೀನ್ ಒಂದು ದಿನ ರೀಬೂಟ್ ಆಗುತ್ತದೆ. ಆ ಹೊತ್ತಿಗೆ ಸ್ಟೋರೇಜ್ ಬಾಕ್ಸ್ ಇನ್ನೂ ಎದ್ದಿರುವುದಿಲ್ಲ. ಎಫ್‌ಎಸ್‌ಟ್ಯಾಬ್‌ನಲ್ಲಿ ನೋಫೇಲ್ ಎಂದು ಬರೆದಿರುವುದರಿಂದ ಮಷೀನ್ ತಕರಾರಿಲ್ಲದೆ ಮೇಲೇಳುತ್ತದೆ. ಡೇಟಾ ಎಂಬ ಡೈರೆಕ್ಟರಿ ಇದೆ, ಒಳಗೆ ಏನೂ ಇಲ್ಲ. ಅಪ್ಲಿಕೇಶನ್ ಆ ಖಾಲಿ ಡೈರೆಕ್ಟರಿಗೇ ಬರೆಯತೊಡಗುತ್ತದೆ. ಏಜೆಂಟ್ ರಾತ್ರಿ ಬಂದು ಅದನ್ನೇ ನಿಷ್ಠೆಯಿಂದ ಒಯ್ದು ಹಸಿರು ಟಿಕ್ ಹಾಕುತ್ತದೆ. ಮೂರು ದಿನದ ಮೇಲೆ ಯಾರೋ ವಾಲ್ಯೂಮನ್ನು ಮೌಂಟ್ ಮಾಡುತ್ತಾರೆ. ಆ ಮೂರು ದಿನದ ಕೆಲಸ ಮೌಂಟಿನ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಹುಡುಕಿದವರಿಗೆ ಮಾತ್ರ ಸಿಗುತ್ತದೆ, ಹುಡುಕಬೇಕೆಂದು ಹೊಳೆಯುವುದು ಕಷ್ಟ. ಆದ್ದರಿಂದ ಬ್ಯಾಕಪ್ ಶುರುವಾಗುವ ಮುಂಚೆ ವಾಲ್ಯೂಮ್ ನಿಜಕ್ಕೂ ಮೌಂಟ್ ಆಗಿದೆಯೇ ಎಂದು ನೋಡುವ ಎರಡು ಸಾಲಿನ ಸ್ಕ್ರಿಪ್ಟ್ ಇರಲಿ. ಇಲ್ಲದಿದ್ದರೆ ಜಾಬ್ ಕೆಂಪಾಗಲಿ. ಟಿಕ್ ಜೊತೆಗೆ ಒಯ್ದ ಗಾತ್ರವನ್ನೂ ದಿನಾ ನೋಡಿ. ನಿನ್ನೆ 40 ಜಿಬಿ ಇದ್ದದ್ದು ಇವತ್ತು 3 ಎಂಬಿ ಆಗಿದ್ದರೆ ಅದು ಹಸಿರಲ್ಲ.

ರಿಸ್ಟೋರ್ ಬಗ್ಗೆ ಉದ್ದಕ್ಕೆ ಬರೆಯುವುದಿಲ್ಲ, ಒಮ್ಮೆ ಮಾಡಿ ನೋಡಿದರೆ ನಿಮಗೇ ತಿಳಿಯುತ್ತದೆ. ವಾಲ್ಯೂಮ್ ಮರಳಿ ಬರುವಾಗ ಹೊಸ ಗುರುತಿನೊಂದಿಗೆ ಬರಬಹುದು. ಯಾವ ಲನ್ ಯಾವ ಮಷೀನಿನ ಯಾವ ಡ್ರೈವ್ ಎಂಬ ಪಟ್ಟಿ ನಿಮ್ಮ ತಲೆಯಲ್ಲಿ ಮಾತ್ರ ಇದ್ದರೆ ಸಾಲದು. ಐ-ಸ್ಕಝಿ ಬಾಕ್ಸಿನಲ್ಲಿ ಯಾವ ಮಷೀನಿಗೆ ಪ್ರವೇಶ ಎಂಬುದನ್ನು ಮತ್ತೆ ಬರೆಯಬೇಕಾಗುತ್ತದೆ. ಎಕ್ಸ್‌ಎಫ್‌ಎಸ್ ವಾಲ್ಯೂಮಿನ ನಕಲನ್ನು ಮೂಲ ಇರುವ ಮಷೀನಿಗೇ ಜೋಡಿಸಿದರೆ ಒಂದೇ ಯುಯುಐಡಿ ಎರಡು ಕಡೆ ಕಂಡು ಮೌಂಟ್ ಮಾಡಲು ಒಪ್ಪುವುದಿಲ್ಲ; ನೋಯುಯುಐಡಿ ಎಂದು ಹೇಳಿ ಮೌಂಟ್ ಮಾಡಬೇಕು. ಇಂಥವು ಮಧ್ಯರಾತ್ರಿ, ಡಾಕ್ಟರು ಫೋನಿನಲ್ಲಿ ಕಾಯುತ್ತಿರುವಾಗ ಕಲಿಯುವ ಪಾಠಗಳಲ್ಲ. ಮೂರು ತಿಂಗಳಿಗೊಮ್ಮೆ ಒಂದು ಮಷೀನನ್ನು ಅದರ ಎಲ್ಲ ವಾಲ್ಯೂಮುಗಳ ಸಮೇತ ಬೇರೆ ಕಡೆ ಎಬ್ಬಿಸಿ. ಎದ್ದ ಮೇಲೆ ಲಾಗಿನ್ ಪುಟ ನೋಡಿ ನಿಲ್ಲಿಸಬೇಡಿ. ಆ ಮಷೀನನ್ನು ದಿನಾ ಬಳಸುವವರನ್ನು ಕರೆದು ಕೂರಿಸಿ, ಎರಡು ವರ್ಷ ಹಿಂದಿನ ಒಂದು ಚಿತ್ರ, ಒಂದು ಪಾವತಿ, ಒಂದು ಅಂಕಪಟ್ಟಿ ತೆಗೆದು ತೋರಿಸಿ ಅನ್ನಿ.

ನಾಳೆಯೇ ಮಾಡಬಹುದಾದದ್ದೂ ಇದೆ. ನಿಮ್ಮ ಅತಿ ಮುಖ್ಯ ಮಷೀನಿನ ಒಳಗೆ ಲಾಗಿನ್ ಆಗಿ. ಲಿನಕ್ಸ್ ಆದರೆ ಎಲ್‌ಎಸ್‌ಬಿಎಲ್‌ಕೆ ಮತ್ತು ಮೌಂಟ್ ಎಂದು ಹೊಡೆಯಿರಿ, ವಿಂಡೋಸ್ ಆದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಜೋಡಿಸಿದ ಷೇರುಗಳನ್ನೂ ನೋಡಿ. ಕಂಡ ಪ್ರತಿ ಡಿಸ್ಕ್, ಪ್ರತಿ ಮೌಂಟ್, ಅದರ ಗಾತ್ರ ಬರೆದುಕೊಳ್ಳಿ. ಪಕ್ಕದಲ್ಲಿ ಬ್ಯಾಕಪ್ ಸಾಫ್ಟ್‌ವೇರ್ ಆ ಮಷೀನಿನಿಂದ ಒಯ್ದ ಡಿಸ್ಕುಗಳ ಪಟ್ಟಿ ಇಡಿ. ಎರಡೂ ತಾಳೆಯಾದರೆ ಮುಂದಿನ ಮಷೀನ್. ಆಗದಿದ್ದರೆ ಅವತ್ತೇ ಮೇಲಿನವರಿಗೆ ಬರಹದಲ್ಲಿ ತಿಳಿಸಿ. ನಿಮ್ಮ ಮೇಲೆ ತಪ್ಪು ಬರುತ್ತದೆ ಎಂದು ಹೆದರಬೇಡಿ. ವಾಲ್ಯೂಮ್ ಇನ್ನೂ ಬದುಕಿರುವಾಗ ಸಿಕ್ಕ ಲೋಪಕ್ಕೆ ಪರಿಹಾರ ಇದೆ.

ಆ ಆಸ್ಪತ್ರೆಯ ಕತೆ ಪೂರ್ತಿ ಹೇಳಿಬಿಡುತ್ತೇನೆ. ಡಿಸ್ಕುಗಳನ್ನು ರಿಕವರಿಗೆ ಕಳಿಸಿದೆವು, ಒಂದಿಷ್ಟು ಮರಳಿತು, ಬಹುಪಾಲು ಮರಳಲಿಲ್ಲ. ಆಗ ರೇಡಿಯಾಲಜಿ ವಿಭಾಗದ ಟೆಕ್ನಿಷಿಯನ್ ಒಬ್ಬಾಕೆಗೆ ಒಂದು ಉಪಾಯ ಹೊಳೆಯಿತು. ನಮ್ಮಲ್ಲಿ ರೋಗಿಗಳಿಗೆ ಫಿಲ್ಮು ಅಥವಾ ಸಿಡಿ ಕೊಟ್ಟು ಕಳಿಸುವ ರೂಢಿ ಇದೆಯಲ್ಲ. ಮುಂದುವರಿದ ಚಿಕಿತ್ಸೆಯಲ್ಲಿದ್ದವರಿಗೆಲ್ಲ ಒಬ್ಬೊಬ್ಬರಿಗೇ ಫೋನು ಮಾಡಿ, ಮುಂದಿನ ಸಲ ಬರುವಾಗ ಹಳೆಯದನ್ನು ತನ್ನಿ ಎಂದರು. ಬೀರುವಿನ ಮೇಲೆ, ಟ್ರಂಕಿನೊಳಗೆ, ಹಾಸಿಗೆಯ ಅಡಿಯಲ್ಲಿ ಇಟ್ಟಿದ್ದನ್ನು ಜನ ತಂದರು. ಸಿಡಿಗಳಲ್ಲಿದ್ದದ್ದನ್ನು ಆಕೆ ಸಂಜೆಯ ಹೊತ್ತು ಕೂತು ಒಂದೊಂದಾಗಿ ವ್ಯವಸ್ಥೆಗೆ ಸೇರಿಸಿದರು, ತಿಂಗಳುಗಟ್ಟಲೆ.

ಮ್ಯಾಮೊಗ್ರಾಮಿನ ಆ ಹೆಂಗಸೂ ಬಂದರು. ಆ ದಿನ ನಾನು ಅಲ್ಲೇ ಇದ್ದೆ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಹಳೆಯ ಸೀರೆಯ ತುಂಡು, ಅದರೊಳಗೆ ಎರಡು ವರ್ಷದ ಹಿಂದಿನ ಕಂದು ಲಕೋಟೆ. ಮಡಿಕೆ ಬೀಳದಂತೆ ಎರಡೂ ಕಡೆ ರಟ್ಟು ಇಟ್ಟಿದ್ದರು. ಡಾಕ್ಟರು ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಹೊಸದನ್ನು ಪಕ್ಕದಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಆಕೆಯ ಕಡೆ ತಿರುಗಿ, ಬೆಳೆದಿಲ್ಲ ಅಮ್ಮ, ಹಾಗೇ ಇದೆ ಅಂದರು.

ಇಂತಿ,
ನಿಮ್ಮಂತೆಯೇ ಸರ್ವರ್ ಕಾಯುವ ಒಬ್ಬ
ಬೆಂಗಳೂರು